ಅಷ್ಟಲಕ್ಷ್ಮಿ ಗುಡಿಯ ಮೆಟ್ಟಿಲು

ಬೆಳಿಗ್ಗೆ 5.10. ಚೆನ್ನೈನ ಬೆಸೆಂಟ್ ನಗರಕ್ಕೆ ಹೊರಟಿದ್ದೇನೆ, ಒಬ್ಬನೇ.

ಪದ್ಮಲತಾ, ಹುಣಸೆಹಣ್ಣನ್ನು ಬಿಸಿಲಿಗೆ ಹಾಕು, ಸಂಜೆ ಮರೆಯದೆ ಒಳಗಿಡು. ಹತ್ತರ ಬಸ್ಸಿಗೆ ಕಲ್ಯಾಣದುರ್ಗದಿಂದ ಅಜ್ಜಿ ಬರುತ್ತಾರೆ. ಮಗಳು ಸತ್ತು ತಿಂಗಳಾಗಿಲ್ಲ, ಅಳಿಯ ಬೀಚಿಗೆ ಹೋದ ಎಂದು ಬೈದರೆ ಎದುರಾಡಬೇಡ. ಅವರು ಹೇಳುವುದು ನಿಜ. ಇಂದಿಗೆ ಇಪ್ಪತ್ತಾರು ದಿನ.

ನಿನ್ನೆ ಅಡುಗೆಮನೆಯ ಗೂಡಿಗೆ ಹೊಸ ಪೇಪರ್ ಹಾಸುವಾಗ ಹಳೆಯದರ ಅಡಿಯಲ್ಲಿ ನನ್ನ ಲೇಖನ ಸಿಕ್ಕಿತು. ನಿಮ್ಮಮ್ಮ ಕತ್ತರಿಸಿ ಇಟ್ಟಿದ್ದಾಳೆ. ಪತ್ರಿಕೆಗಾಗಿ ನಾನೊಬ್ಬನೇ ಹೋಗಿ ಬಂದು ಬರೆದದ್ದು: ಕಡಲತೀರ, ಸುಟ್ಟ ಜೋಳ, ಅಷ್ಟಲಕ್ಷ್ಮಿ ಗುಡಿ. ಕೊನೆಯ ಸಾಲು, 'ಸಂಸಾರ ಸಮೇತ ಹೋಗಿಬನ್ನಿ.'

ಅದನ್ನು ಓದಿದ ದಿನ ಅವಳು ತವರಿನ ತೆಲುಗು ಬೆರೆಸಿ, "ಬಾಗುಂದಿ ಕಣಪ್ಪ, ಊರಿಗೆಲ್ಲ ಹೇಳ್ಬುಟ್ರಿ, ಮನೇಲಿರೋಳ್ನ ಮರ್ತ್‌ಬುಟ್ರಿ" ಅಂದು ನಕ್ಕಿದ್ದಳು. ನಾನೂ ನಕ್ಕಿದ್ದೆ.

ಗುಡಿಯ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿದ್ದಾಳೆ: 'ಮೆಟ್ಟಿಲು ಎಷ್ಟು? ಮಂಡಿ ನೋವು.' ಅದೊಂದನ್ನು ನಾನು ಬರೆದಿರಲಿಲ್ಲ. ಅವಳು ಬಾಯಿಬಿಟ್ಟು ಕೇಳಲಿಲ್ಲ, ಹೊರಡೋಣ ಎಂದು ನಾನೂ ಅನ್ನಲಿಲ್ಲ.

ಹಾಲು ಕಾಯಿಸಿದ್ದೇನೆ, ಮುಚ್ಚಿಡು. ಆ ಲೇಖನವೂ ಅವಳ ಪೆನ್ಸಿಲೂ ನನ್ನ ಜೇಬಿನಲ್ಲಿವೆ. ನಾಳೆ ಮೆಟ್ಟಿಲು ಎಣಿಸಿ, ಅವಳ ಪ್ರಶ್ನೆಯ ಕೆಳಗೇ ಬರೆಯುತ್ತೇನೆ.

ಆಟೋ ಬಂತು.