ಒಂಬತ್ತನೇ ತರಗತಿಯ ಆಟದ ಪೀರಿಯಡ್

ಪಾಲಾಕ್ಷಪ್ಪ ಮಾಸ್ತರರಿಗೆ,

ನೀವು ತೀರಿಹೋಗಿ ಎಂಟು ತಿಂಗಳಾಯಿತು. ನಿಮ್ಮ ಜಾಗಕ್ಕೆ ದೈಹಿಕ ಶಿಕ್ಷಕರು ಇನ್ನೂ ಬಂದಿಲ್ಲ. ಹೆಡ್‌ಮಾಸ್ತರನಾದ ನಾನೇ ಇವತ್ತು ಸೀಟಿ ಹಿಡಿದು ಮೈದಾನಕ್ಕೆ ಇಳಿದೆ.

ಬೆಳಿಗ್ಗೆ ಗಣಿತದ ಗೀತಮ್ಮ ಟೀಚರು ಬಂದು, "ಸರ್ರೀ, ಒಂಬತ್ತನೇದವ್ರ ಪಿ.ಟಿ. ಪೀರಿಯಡ್ ನನಗ ಕೊಡ್ರಿ, ಪಾಠ ಭಾಳ ಉಳದೈತಿ" ಅಂದರು. ಹನ್ನೊಂದು ವರ್ಷ ಇದಕ್ಕೆ ಹೂಂ ಎನ್ನುತ್ತಲೇ ಬಂದವನು ನಾನು. ಆಗೆಲ್ಲ ನೀವು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಿರಿ. "ಪರೀಕ್ಷಿ ಮುಗೀಲಿ ಮಾಸ್ತರ" ಎಂದು ಕಳಿಸಿಬಿಡುತ್ತಿದ್ದೆ.

ಇವತ್ತು, "ಇಲ್ಲರಿ ಮೇಡಂ, ಅದು ಆಟದ ಪೀರಿಯಡ್ಡು" ಅಂದೆ.

ಹುಡುಗರು ಕೂಗುತ್ತ ಹೊರಗೆ ಓಡಿದರು. ಹುಡುಗಿಯರು ಬೆಂಚು ಬಿಟ್ಟು ಏಳಲೇ ಇಲ್ಲ. ಮಾಗಳದಿಂದ ಬರುವ ಸೌಭಾಗ್ಯ ಮೆಲ್ಲಗೆ ಕೇಳಿದಳು:

"ಸರ್ರೀ, ನಮಗೂ ಪಿ.ಟಿ. ಐತೇನ್ರಿ?"

"ಐತವ್ವ. ಎಲ್ಲಾರೂ ಬರ್ರಿ" ಅಂದೆ.

ಖೊಖೊ ಆಡಿಸಿದೆ. ನಿಯಮಗಳು ನನಗೆ ಅರ್ಧಂಬರ್ಧ ಗೊತ್ತು. ತಪ್ಪಿದಾಗ ಹುಡುಗರೇ ತಿದ್ದಿದರು. ಸೌಭಾಗ್ಯ ಮೂರು ನಿಮಿಷ ಯಾರ ಕೈಗೂ ಸಿಗದೆ ಓಡಿದಳು. ಅಷ್ಟು ಚುರುಕಾದ ಹುಡುಗಿ ಎರಡು ವರ್ಷದಿಂದ ನಮ್ಮ ಶಾಲೆಯಲ್ಲೇ ಇದ್ದಾಳೆ, ಮಾಸ್ತರರೇ.

ಸಂಜೆ ವೇಳಾಪಟ್ಟಿಯನ್ನು ಹೊಸದಾಗಿ ಬರೆದು, ಸಹಿ ಹಾಕಿ, ಗೋಡೆಗೆ ಅಂಟಿಸಿದೆ. ಇನ್ನು ಆಟದ ಪೀರಿಯಡ್ ಯಾರಿಗೂ ಬಿಟ್ಟುಕೊಡುವುದಿಲ್ಲ. ಹಡಗಲಿಯ ಕ್ರೀಡಾಕೂಟಕ್ಕೆ ಮೊದಲ ಬಾರಿಗೆ ಹುಡುಗಿಯರ ತಂಡದ ಅರ್ಜಿ ತುಂಬಿದೆ. ತರಬೇತುದಾರರು ಎಂಬಲ್ಲಿ ರೂಢಿಯಂತೆ ನಿಮ್ಮ ಹೆಸರನ್ನೇ ಬರೆದುಬಿಟ್ಟಿದ್ದೆ. ಅದನ್ನು ಹೊಡೆದುಹಾಕಲು ಬಹಳ ಹೊತ್ತು ಹಿಡಿಯಿತು. ಪಕ್ಕದಲ್ಲಿ ನನ್ನ ಹೆಸರು ಬರೆದೆ.

ಬೊಮ್ಮಪ್ಪ