ಜೀಪಿನ ಕನ್ನಡಿಗೆ ಕಟ್ಟಿದ ಅರಿವೆ

ಅಪ್ಪಾ,

ನಿನ್ನ ಜೀಪು ಈಗ ದಾರಿಯಲ್ಲಿ ನಿಲ್ಲುವುದಿಲ್ಲ. ಅದು ಯಾಕೆ ನಿಲ್ಲುತ್ತಿತ್ತು ಎಂಬುದು ಗೊತ್ತಾಗಿದೆ. ಯಾರು ನಿಲ್ಲಿಸುತ್ತಿದ್ದರು ಎಂಬುದೂ ಗೊತ್ತಾಗಿದೆ. ನಿನಗೆ ತಿಳಿಯದೇ ಹೋದದ್ದನ್ನು ತಿಳಿಸಲು ಕೂತಿದ್ದೇನೆ. ಇದನ್ನು ಸಮಾಧಾನದ ಪತ್ರ ಅಂದುಕೊಳ್ಳಬೇಡ. ನನ್ನ ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ನೀನು ಜೀಪಿನ ಕೆಳಗೆ ಮಲಗಿ ಕೆಲಸ ಮಾಡುವಾಗ ನಾನು ಪಕ್ಕದಲ್ಲಿ ಕೂತು ಪೇಪರ್ ಓದಿ ಹೇಳುತ್ತಿದ್ದೆ, ನೆನಪಿದೆಯಾ? ನಡುವೆ ನನ್ನದೊಂದು ಮಾತು ಸೇರಿಸಿದರೆ ಸಾಕು, ಗಾಡಿಯ ಕೆಳಗಿನಿಂದ ದನಿ ಬರುತ್ತಿತ್ತು: "ಅವ್ವಿ, ಅದರಾಗ ಏನ ಬರದೈತಿ ಅಷ್ಟ ಓದು. ನಿಂದು ಆಮ್ಯಾಲ ಹೇಳು." ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಸಿಂದಗಿಯ ಸಾಲಿಯಲ್ಲಿ ಮಕ್ಕಳಿಗೂ ಅದನ್ನೇ ಹೇಳುತ್ತೇನೆ. ಆದ್ದರಿಂದ ಮೊದಲು ನಡೆದದ್ದನ್ನು ಬರೆಯುತ್ತೇನೆ, ನನ್ನದು ಆಮೇಲೆ.

ನಮ್ಮ ಓಣಿಯ ಸವಿತಾಳ ಮದುವೆಯ ದಿನ ಅವಳು ನಿನ್ನ ಜೀಪಿನ ಮುಂದಿನ ಸೀಟಿನಲ್ಲಿ ಬಾಸಿಂಗ ಹಿಡಿದುಕೊಂಡು ಕೂತಿದ್ದಳು. ತಾಂಬಾದಿಂದ ಹೊರಟು ಬಾಗೇವಾಡಿ ದಾಟಿದ್ದೆವು, ತಂಗಡಗಿ ಇನ್ನೂ ದೂರವಿತ್ತು. ಎಂಜಿನ್ ಎರಡು ಸಲ ಎಳೆದಾಡಿ ಸುಮ್ಮನಾಯಿತು. ನೀನು ಬಾನೆಟ್ ಎತ್ತಿದೆ. ಹಿಂದೆ ಬರುತ್ತಿದ್ದ ಸಂಗಪ್ಪ ಕಾಕಾ ತನ್ನ ಹೊಸ ಗಾಡಿ ನಿಲ್ಲಿಸಿ ಇಳಿದು, "ಮದುಮಗಳ್ನ ನನ್ನ ಗಾಡ್ಯಾಗ ಹತ್ತಸ್ರಿ, ಅಕ್ಕಿಕಾಳಿನ ಹೊತ್ತ ಮೀರತೈತಿ" ಅಂದ. ಎಲ್ಲರೂ ಅತ್ತ ಹೋದರು. ಸವಿತಾಳ ಸೋದರಮಾವ ಹೋಗುತ್ತಾ, "ಮಾಸ್ತರಾ, ಇನ್ನ ಇದಕ್ಕ ಎರಡ ಎತ್ತ ಕಟ್ರಿ" ಎಂದು ನಕ್ಕ. ಇಡೀ ಇಂಡಿ ತಾಲೂಕಿನಲ್ಲಿ ಜೀಪಿನ ಮಾಸ್ತರ ಎನಿಸಿಕೊಂಡಿದ್ದ ನೀನು ನಟ್ಟು ಬಿಚ್ಚುವ ಪಾನಾ ಹಿಡಿದು ರಸ್ತೆ ಮೇಲೆ ನಿಂತೇ ಇದ್ದೆ. ಎಲ್ಲ ಗಾಡಿಗಳೂ ಹೋದ ಮೇಲೆ ಸೆಲ್ಫ್ ಒತ್ತಿದರೆ, ಏನೂ ಆಗಿಲ್ಲವೆಂಬಂತೆ ಜೀಪು ಶುರುವಾಯಿತು. ಆಗ ನಿನ್ನ ಮುಖ... ಬೇಡ ಬಿಡು.

ಆಮೇಲೆ ನೀನು ಅದನ್ನು ಎಷ್ಟು ಸಲ ಬಿಚ್ಚಿದೆ! ಸೆಲ್ಫ್ ಗಟ್ಟಿಯಾಗಿ ತಿರುಗುತ್ತಿತ್ತು, ಅಂದರೆ ಬ್ಯಾಟರಿಯ ತಪ್ಪಲ್ಲ. ಬೆಳಿಗ್ಗೆ ಒಂದೇ ಏಟಿಗೆ ಹೊತ್ತಿಕೊಳ್ಳುತ್ತಿತ್ತು, ಅಂದರೆ ಹೀಟರಿನ ತಪ್ಪೂ ಅಲ್ಲ. ಡೀಸೆಲ್ ಫಿಲ್ಟರ್ ಬದಲಿಸಿದೆ. ಪೈಪಿನ ವಾಷರ್ ಬದಲಿಸಿದೆ. ಕೈಪಂಪು ಒತ್ತಿ ಒತ್ತಿ ಗಾಳಿ ತೆಗೆದೆ. ದೊಡ್ಡ ಪಂಪನ್ನೇ ಇಳಿಸಿ ಸಿಂದಗಿಗೆ ಒಯ್ದು ತೋರಿಸಿದೆ. ಒಂದಷ್ಟು ದೂರ ಓಡುವುದು, ಉಸಿರು ಕಟ್ಟಿದಂತೆ ನಿಲ್ಲುವುದು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಶುರುವಾಗುವುದು. ಟ್ಯಾಂಕ್ ಇಳಿಸಿ ನೋಡೋಣವೇ ಎಂದು ನಾನು ಕೇಳಿದ್ದೆ. "ಅದರ ಬಾಯಿಗೆ ಜಾಳಗಿ ನಾನ ಕೂಡಿಸೀನಿ, ಮ್ಯಾಲ ಕೀಲಿ ಐತಿ. ಅದರಾಗ ಕಸ ಹೆಂಗ ಹೋಗತೈತಿ?" ಎಂದು ನೀನು ಮಾತು ಮುಗಿಸಿದ್ದೆ. ನಿನ್ನ ಕೈಯ ಕೆಲಸದ ಮೇಲೆ ನಿನಗೆ ಅಷ್ಟು ಭರವಸೆ. ಆ ಕೀಲಿಯ ಜೋಡಿ ಯಾರ ಹತ್ತಿರ ಇತ್ತೋ ಅವನ ಮೇಲೂ ಅಷ್ಟೇ ಭರವಸೆ.

ಶ್ರಾವಣದಲ್ಲಿ ನಿನ್ನನ್ನು ಮಣ್ಣಿಗಿಟ್ಟು ಬಂದ ದಿನ ಸಂಗಪ್ಪ ಕಾಕಾ ನಮ್ಮ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡ. ನಿನ್ನನ್ನು ಹೊತ್ತವರಲ್ಲಿ ಮುಂದೆ ಇದ್ದವನೂ ಅವನೇ. ಸುತ್ತ ಕೂತವರಿಗೆ ಹೇಳಿದ: "ದೊಡ್ಡ ಕೈ ಆಗಿತ್ರಿ ಅಂವಂದು. ಕಡೀಕಡೀಕ ಪಾಪ ಗಾಡಿನ ತಿಳೀವಲ್ದಾಗಿತ್ತು." ಅವ್ವ ಒಳಗಿನಿಂದ ಕೇಳಿಸಿಕೊಂಡಳು. ಮುಂದಿನ ವಾರ ಬಂದು, ಜೀಪು ಗುಜರಿಗೆ ಹಾಕುವುದಾದರೆ ತಾನೇ ಒಯ್ಯುತ್ತೇನೆ ಎಂದ. ನಾನು ಕೊಡುವುದಿಲ್ಲ ಎಂದೆ. "ಇಟಗೊಂಡ ಏನ ಮಾಡ್ತಿ ತಂಗಿ? ಕುಂಕುಮಾ ಹಚ್ಚತಿಯೇನು?" ಎಂದು ನಕ್ಕ. ಆ ನಗು ನನಗೆ ಬಹಳ ಕೆಲಸಕ್ಕೆ ಬಂತು. ಅದಿರದಿದ್ದರೆ ನಾನು ಜೀಪನ್ನು ಹಾಗೇ ಬಿಟ್ಟುಬಿಡುತ್ತಿದ್ದೆನೋ ಏನೋ.

ಯಂಕಂಚಿ ರಸ್ತೆಯಲ್ಲಿ ನನಗೆ ಗೇರು ಹಾಕುವುದನ್ನು ಕಲಿಸಿದೆಯಲ್ಲ, ಅದೇ ರಸ್ತೆಗೆ ಜೀಪು ತೆಗೆದುಕೊಂಡು ಹೋದೆ. ನಿಲ್ಲುವವರೆಗೆ ಓಡಿಸಿದೆ. ನಿಂತ ಕೂಡಲೇ ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದೆ. ಪೈಪಿನಲ್ಲಿ ಎಲ್ಲಾದರೂ ಗಾಳಿ ಸೇರುತ್ತಿದ್ದರೆ ಗುಳ್ಳೆ ಬರಬೇಕಿತ್ತು. ಗುಳ್ಳೆ ಬರಲಿಲ್ಲ, ಡೀಸೆಲ್ಲೂ ಬರಲಿಲ್ಲ. ಹಿಂದಿನಿಂದ ಯಾರೋ ಹಿಡಿದು ಎಳೆದಂತೆ ಪಂಪು ಬಿಗಿಯಾಗಿತ್ತು. ಹಾಗಾದರೆ ಗಾಳಿಯಲ್ಲ, ಅಡ್ಡಿ. ಮರುದಿನ ಒಂದು ಕ್ಯಾನಿನಲ್ಲಿ ಸೋಸಿದ ಡೀಸೆಲ್ ತುಂಬಿ, ಅದನ್ನು ಸೀಟಿನ ಪಕ್ಕ ಕಟ್ಟಿ, ಟ್ಯಾಂಕಿನ ಪೈಪು ಕಳಚಿ ಕ್ಯಾನಿಗೆ ಜೋಡಿಸಿದೆ. ಎಂಜಿನ್ನಿನಿಂದ ಮರಳಿ ಬರುವ ಪೈಪನ್ನೂ ಅದಕ್ಕೇ ಬಿಟ್ಟೆ. ತಾಂಬಾದಿಂದ ಇಂಡಿಗೆ ಹೋದೆ, ಬಂದೆ. ಒಮ್ಮೆಯೂ ಎಳೆದಾಡಲಿಲ್ಲ. ಫಿಲ್ಟರ್, ಪಂಪು, ನೋಝಲ್, ನೀನು ಮುಟ್ಟಿದ್ದೆಲ್ಲವೂ ಸರಿಯಾಗಿಯೇ ಇತ್ತು ಅಪ್ಪಾ. ನಿನ್ನ ಕೈ ಎಲ್ಲೂ ತಪ್ಪಿರಲಿಲ್ಲ.

ಟ್ಯಾಂಕು ಇಳಿಸಿದ ದಿನ ಅವ್ವ ಟಾರ್ಚ್ ಹಿಡಿದು ನಿಂತಿದ್ದಳು. ಒಳಗೆ ಒಂದು ಅಂಗೈಯಗಲದ ಅರಿವೆ, ಹಳೆಯ ಧೋತರದ ತುಂಡು. ಎಂಜಿನ್ ಡೀಸೆಲ್ ಎಳೆದಾಗ ಅದು ಪೈಪಿನ ಬಾಯಿಗೆ ಬಂದು ಅಂಟಿಕೊಳ್ಳುವುದು, ಎಂಜಿನ್ ನಿಂತ ಮೇಲೆ ಬಿಟ್ಟು ದೂರ ಸರಿಯುವುದು. ಬಾಯಿಗೆ ನೀನು ಕೂಡಿಸಿದ್ದ ಜಾಳಿಗೆಯನ್ನು ಒಂದು ಬದಿಗೆ ಕತ್ತರಿಯಿಂದ ಕತ್ತರಿಸಿ, ಮತ್ತೆ ಒತ್ತಿ ಕೂರಿಸಿದ್ದರು. ಮುಚ್ಚಳದ ಕೀಲಿ ಎರಡು. ಒಂದು ನಮ್ಮ ಗೂಟಕ್ಕೆ ತೂಗುಹಾಕಿದೆ. ಇನ್ನೊಂದನ್ನು ನೀನು ನಿನ್ನ ಜೊತೆ ಗಾಡಿ ಓಡಿಸುತ್ತಿದ್ದ ಸಂಗಪ್ಪನಿಗೆ ಕೊಟ್ಟಿದ್ದೆ. ಅವನು ಸ್ವಂತ ಗಾಡಿ ತಂದ ಮೇಲೂ ನೀನು ಅದನ್ನು ಕೇಳಿ ಇಸಿದುಕೊಳ್ಳಲಿಲ್ಲ. ಯಾಕೆ ಕೇಳಬೇಕು, ಗೆಳೆಯನಲ್ಲವೇ? ಅವ್ವ ಅರಿವೆಯನ್ನು ಹಿಂಡಿ ಕಲ್ಲಿನ ಮೇಲೆ ಹರವಿದಳು. ಒಂದೇ ಮಾತು ಅಂದಳು: "ಒಗೀಬ್ಯಾಡ ಇದನ್ನ."

ಊರವರಿಗೆ ನಾನು ಟ್ಯಾಂಕಿನಲ್ಲಿ ಏನೋ ಸಿಕ್ಕಿತು ಎಂದಷ್ಟೇ ಹೇಳಿ ದಸರೆಗೆ ಕಾದೆ. ಪ್ರತಿ ವರ್ಷ ನೀನು ನನ್ನನ್ನು ಹಣಮಪ್ಪನ ಗುಡಿಯ ಕಟ್ಟೆಗೆ ಬನ್ನಿ ಕೊಡಲು ಕರೆದೊಯ್ಯುತ್ತಿದ್ದೆ. ಜಗಳವಾಡಿದವರಿಗೇ ಮೊದಲು ಕೊಡಬೇಕು ಎನ್ನುತ್ತಿದ್ದೆ. ಈ ಸಲ ಸಂಗಪ್ಪ ತಾನಾಗಿ ಬಂದು ಬನ್ನಿ ಎಲೆ ಮುಂದೆ ಹಿಡಿದ.

"ತಗೋ ತಂಗಿ, ಬಂಗಾರದಂಗ ಇರೂಣು."

"ಇರೂಣ್ರಿ ಕಾಕಾ. ಅಪ್ಪನ ಟ್ಯಾಂಕಿನ್ಯಾಗ ಏನ ಸಿಕ್ಕಿರಬೇಕು, ಹೇಳ್ರಿ ನೋಡೂಣು?"

ಸುತ್ತಲಿದ್ದವರಿಗೆ ಚೇಷ್ಟೆ. "ಇಲಿ ಸತ್ತಿತ್ತೇನವಾ?" ಎಂದ ಒಬ್ಬ. "ನಿಮ್ಮಪ್ಪ ಹುಗದಿಟ್ಟ ಬಂಗಾರ ಇರಬೇಕು" ಎಂದ ಇನ್ನೊಬ್ಬ. ಸವಿತಾಳ ಸೋದರಮಾವ ಬಾಯಿ ಹಾಕಿದ, "ಎತ್ತಿನ ಬಾರಕೋಲ ಸಿಕ್ಕಿರತೈತಿ." ಎಲ್ಲರೂ ನಕ್ಕರು. ಸಂಗಪ್ಪನೂ ನಕ್ಕ.

"ಹಳೀ ಗಾಡಿ ತಂಗಿ. ಅರಿವಿ ತುಣುಕ ಹೆಂಗೋ ಬಿದ್ದಿರತೈತಿ ಬಿಡು."

"ಅರಿವಿ ಅಂತ ನಾ ಯಾರ ಮುಂದನೂ ಹೇಳಿಲ್ಲಲ್ರಿ ಕಾಕಾ."

ನಗು ಒಬ್ಬೊಬ್ಬರದಾಗಿ ನಿಂತಿತು. ನಾನು ಚೀಲದಿಂದ ಅರಿವೆ ತೆಗೆದು, ಕತ್ತರಿಸಿದ ಜಾಳಿಗೆಯನ್ನೂ ತೆಗೆದು ಕಟ್ಟೆಯ ಮೇಲಿಟ್ಟೆ. ಮುಚ್ಚಳದ ನಮ್ಮ ಕೀಲಿಯನ್ನು ಪಕ್ಕದಲ್ಲಿಟ್ಟೆ. "ಇದರ ಜೋಡಿ ನಿಮ್ಮ ಕಡೆ ಐತ್ರಿ" ಎಂದೆ. ಅವನ ಉಡದಾರದ ಕೀಲಿಗೊಂಚಲಿನಲ್ಲಿ ಅದು ಇನ್ನೂ ತೂಗುತ್ತಿತ್ತು ಅಪ್ಪಾ. ಎಲ್ಲರಿಗೂ ಕಾಣುತ್ತಿತ್ತು.

"ಒಂದ ಸೀಜನ್ ಅಂತ ಮಾಡಿದ್ದೆ ತಂಗಿ... ಮದುವಿ ಬಾಡಿಗಿ ಎಲ್ಲಾ ಅಂವಗ ಹೋಗ್ತಿದ್ದೂ. ತಗದಬಿಡಬೇಕಂದ್ರ ಅಷ್ಟರಾಗ ಅಂವಾ..."

ಅಷ್ಟರಲ್ಲಿ ನೀನು ಹೋಗಿಬಿಟ್ಟೆ. ಅವನ ಲೆಕ್ಕದಲ್ಲಿ ಅದೂ ನಿನ್ನದೇ ತಪ್ಪು. ನಾನು ಅರಿವೆಯನ್ನು ಎರಡು ಭಾಗ ಹರಿದು, ಬನ್ನಿ ಹಿಡಿದು ಚಾಚಿದ್ದ ಅವನ ಕೈಯಲ್ಲಿ ಒಂದು ಭಾಗ ಇಟ್ಟೆ. ಬನ್ನಿ ತಗೊಳ್ಳಲಿಲ್ಲ. ಹಬ್ಬದ ದಿನ ಹಾಗೆ ಮಾಡಬಾರದಿತ್ತು ಎಂದು ನೀನು ಅನ್ನಬಹುದು. ಅನ್ನು. ಸವಿತಾಳ ಸೋದರಮಾವ ಅಂದು ಸಂಜೆ ಮನೆಗೆ ಬಂದು ನಿನ್ನ ಫೋಟೋದ ಮುಂದೆ ಟೊಪಗಿ ತೆಗೆದು ನಿಂತ. ಅವನಿಗೆ ಅವ್ವ ಚಹಾ ಕೊಟ್ಟಳು, ನಾನು ಕೊಡುತ್ತಿರಲಿಲ್ಲ.

ಉಳಿದ ಅರ್ಧವನ್ನು ಜೀಪಿನ ಕನ್ನಡಿಗೆ, ಲಿಂಬೆ ಮೆಣಸಿನಕಾಯಿಯ ಜೊತೆ ಕಟ್ಟಿದ್ದೇನೆ. ಈಗಲೂ ಡೀಸೆಲ್ ವಾಸನೆ ಬರುತ್ತದೆ. ಹತ್ತಿದವರು ಇದೇನು ಎಂದು ಕೇಳುತ್ತಾರೆ. ಹೇಳುತ್ತೇನೆ. ಏನನ್ನೂ ಸೇರಿಸುವುದಿಲ್ಲ, ನಡೆದಷ್ಟೇ.

ಮೊನ್ನೆ ಮುದ್ದೇಬಿಹಾಳದಿಂದ ಬರುವಾಗ ದಾರಿಯಲ್ಲಿ ಅವನ ಗಾಡಿ ಕೆಟ್ಟು ನಿಂತಿತ್ತು. ಉರಿಬಿಸಿಲು, ಸುತ್ತ ಒಂದು ಗಿಡವೂ ಇಲ್ಲ. ರಸ್ತೆಯಲ್ಲಿ ನಿಂತವರನ್ನು ಬಿಟ್ಟು ಹೋಗಬಾರದು ಎಂಬುದು ನಿನ್ನ ನೇಮ. ನಿಲ್ಲಿಸಿದೆ. ಬಾಗಿಲು ತೆರೆದೆ. "ಬರ್ರಿ ಕಾಕಾ, ತಾಂಬಾಕ್ಕ ಬಿಡತೇನಿ" ಎಂದೆ. ಅವನು ಒಂದು ಕಾಲು ಮೇಲಿಟ್ಟ. ತಲೆ ಎತ್ತಿದಾಗ ಕನ್ನಡಿ ಕಾಣಿಸಿತು. ಎಂಜಿನ್ ಆರಿಸದೆ, ನಿಧಾನವಾಗಿ ಓಡುತ್ತಿರಲು ಬಿಟ್ಟಿದ್ದೆ. ಒಂದೇ ಹದದ ಸದ್ದು, ನಿನಗೆ ಇಷ್ಟವಾಗುವಂಥದ್ದು. ಅವನು ಕಾಲು ಕೆಳಗಿಳಿಸಿ, "ನೀ ಹೋಗು" ಎಂದ.

ಬೇಕೆಂದೇ ಇನ್ನೂ ಸ್ವಲ್ಪ ಹೊತ್ತು ಬಾಗಿಲು ತೆರೆದು ನಿಂತಿದ್ದೆ ಅಪ್ಪಾ. ಆಮೇಲೆ ಹೊರಟೆ. ನಿನ್ನ ನೇಮ ನಾನು ಮುರಿದಿಲ್ಲ. ಇನ್ನು ಮುಂದೆಯೂ ಅವನು ಎಲ್ಲಿ ನಿಂತಿದ್ದರೂ ಜೀಪು ನಿಲ್ಲಿಸುತ್ತೇನೆ, ಬಾಗಿಲು ತೆರೆಯುತ್ತೇನೆ. ಅರಿವೆಯನ್ನು ಮಾತ್ರ ಬಿಚ್ಚುವುದಿಲ್ಲ.

ನಿನ್ನ ಅವ್ವಿ