ಗುಂಡಿ ಇರುವ ಮಗ್ಗುಲು

ಕೈರೋ, 3 ಮಾರ್ಚ್ 1934

ಇವತ್ತೂ ಬೈಸಿಕೊಂಡೆ. ನಾಟಕದ ಪಾಷಾನ ಕೋಟಿಗೆ, ಗುಂಡಿ ತೂರುವ ಕಾಜಾದ ಗುರುತನ್ನು ಬಲಕ್ಕೆ ಹಾಕಿಬಿಟ್ಟೆ. ಕತ್ತರಿ ಇಡುವಷ್ಟರಲ್ಲಿ ನಮ್ಮ ದರ್ಜಿ ಮೇಸ್ತ್ರಿ ಉಸ್ತಾ ಹ್ರಾಂತ್ ಕೈ ಹಿಡಿದರು.

“ಏನೇ ವಿದಾದ್! ಗಂಡಸಿಗೆ ಕಾಜಾ ಎಡಕ್ಕೆ, ಗುಂಡಿ ಬಲಕ್ಕೆ. ಪಾಷಾನ್ನ ಮದುಮಗಳು ಮಾಡ್ತೀಯಾ?”

ಹೊಲಿಗೆಕೋಣೆಯೆಲ್ಲ ನಕ್ಕಿತು. ಇಷ್ಟು ವರ್ಷ ಹೆಂಗಸರ ಜಾಕೀಟು ಹೊಲಿದ ಕೈ, ಇನ್ನೇನು ಮಾಡೀತು? ನಗಲಿ. ಗಂಡಸರ ಹಳೇ ಕಾಲದ ಕೋಟು ಕಲಿತೇ ತೀರುವೆ.

8 ಮಾರ್ಚ್

ರಿಹರ್ಸಲ್‌ನಲ್ಲಿ ಶುಕ್ರಿ ಮರದ ಕಠಾರಿ ಬಿಸಾಡಿದ. ಕೊನೆಯ ಅಂಕದಲ್ಲಿ ಡೋಲಿನ ಏಟು ಬಿದ್ದ ಕೂಡಲೇ ಪಾಷಾನ ಎದೆಗೆ ಇರಿಯುವವನು ಅವನೇ.

“ಇದರಲ್ಲಿ ಬದನೆಕಾಯಿ ಹೆಚ್ಚಲಾ? ನಮ್ಮ ತಾತನ ಉಕ್ಕಿನ ಕಠಾರಿ ತಂದಿದೀನಿ. ಮೊನೆ ಮೊಂಡು ಮಾಡಿಸಿದೀನಿ.”

ಬೆರಳಿಟ್ಟು ನೋಡಿದೆ. ರಕ್ತ ಬಂತು. ಆದರೂ ಡೈರೆಕ್ಟರ್ ಹೂಂ ಅಂದರು. ಕೋಟಿನೊಳಗೆ, ಎಡ ಎದೆಯ ಮೇಲೆ, ದಪ್ಪ ತೊಗಲು ಇಟ್ಟು ಹೊಲಿಯಬೇಕಂತೆ.

ಪಾಷಾನ ಪಾತ್ರದ ಮಮ್ದೂಹ್ ಅಣ್ಣ ನಕ್ಕ. “ನನ್ನ ಜೀವ ನಿನ್ನ ಸೂಜಿ ತುದೀಲಿದೆ ಕಣಮ್ಮ. ಮುಂದಿನ ತಿಂಗಳು ಮಗಳ ಮದುವೆ, ನೋಡ್ಕೊಂಡು ಹೊಲಿ.”

ಥೂ, ಎಂಥಾ ಮಾತು!

15 ಮಾರ್ಚ್

ಉಸ್ತಾ ಜ್ವರದಲ್ಲಿ ಮಲಗಿದ್ದಾರೆ. ಕೋಟು ನನ್ನೊಬ್ಬಳ ತಲೆಗೆ ಬಂತು. ನಾಡಿದ್ದೇ ಮೊದಲ ಆಟ. ಅವಸರ... ಅವಸರ.

ಗುಂಡಿ ಇರುವ ಮಗ್ಗುಲಿಗೆ ತೊಗಲು ಇಟ್ಟು ಹೊಲಿದೆ, ಮೇಲೆ ಅಸ್ತರು. ಒಂದು ನೂಲೂ ಹೊರಗೆ ಕಾಣದು. ಕಠಾರಿ ತಾಗಿಸಿ ನೋಡೋಣ ಅಂದೆ. “ಹೊಸ ಬನಾತು ಬಟ್ಟೆ, ತೂತಾಗುತ್ತೆ, ಬೇಡ” ಅಂದರು ಡೈರೆಕ್ಟರ್.

ಅಣ್ಣ ತೊಟ್ಟು ಕನ್ನಡಿ ಮುಂದೆ ಮೀಸೆ ತಿರುವಿದ. ಎಷ್ಟು ಚೆನ್ನಾಗಿ ಕೂತಿತ್ತು! ಹೆಮ್ಮೆಯಾಯಿತು. ಆದರೂ ನಿದ್ದೆ ಬರುತ್ತಿಲ್ಲ.

17 ಮಾರ್ಚ್, ಆಟದ ನಡುವೆ, ಉಡುಪಿನ ಕೋಣೆ

ಥಿಯೇಟರ್ ತುಂಬಿದೆ. ಅಣ್ಣನಿಗೆ ಚಪ್ಪಾಳೆಯೋ ಚಪ್ಪಾಳೆ.

ಪಾಷಾನ ಹೆಂಡತಿಯ ಪಾತ್ರದವಳು ಈಗ ಓಡಿಬಂದಳು. “ಜಾಕೀಟಿನ ಗುಂಡಿ ಹಾಕೇ, ಬೇಗ!” ನೋಡದೆಯೇ ಹಾಕಿ ಕಳಿಸಿದೆ. ಕಣ್ಣು ಬೇಕಿಲ್ಲ, ಕೈಗೇ ಗೊತ್ತು. ಗುಂಡಿ ಇದ್ದ ಕಡೆ ಎಡ. ಯಾವಾಗಲೂ ಎಡ...

ಹೆಂಗಸರದ್ದಾದರೆ.

ಅಯ್ಯೋ ದೇವರೇ. ಅವತ್ತೂ ಕೈಯೇ ಹೊಲಿಯಿತು. ತೊಗಲು ಗುಂಡಿಯ ಮಗ್ಗುಲಿಗೆ. ಗಂಡಸಿಗೆ ಗುಂಡಿ ಬಲ—

ಡೋಲು. ಇಷ್ಟು ಬೇಗ